ವಿರುಪಮ್ಮ ಕೇಳಿಸಿಕೊಂಡ ಜಾವಾ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಾಗೇಂದ್ರಪ್ಪ ಗ್ಯಾರೇಜ್ ಇಟ್ಟಿದ್ದ ಕಾಲಕ್ಕೆ, ಅವನು ಗಾಡಿಯನ್ನು ನೋಡುವ ಮೊದಲೇ ಅದರ ರೋಗ ಹೇಳುತ್ತಾನೆ ಎಂಬ ಮಾತು ಗಂಗಾವತಿಯವರೆಗೂ ಹಬ್ಬಿತ್ತು. ಸುಳ್ಳೇನಲ್ಲ. ಓಣಿಯ ತಿರುವಿನಲ್ಲಿ ಒಂದು ಜಾವಾ ಬೈಕೋ ಯಜ್ಡಿಯೋ ಹೊರಳಿತೆಂದರೆ ಸಾಕು, ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆಯೇ "ಪಾಯಿಂಟ್ ಸವದೈತಿ" ಎಂದೋ "ಸೈಲೆನ್ಸರ್ ಕಟ್ಟೈತಿ" ಎಂದೋ ಅಂದುಬಿಡುತ್ತಿದ್ದ. ಗಾಡಿಯವನು ಸ್ಟ್ಯಾಂಡ್ ಹಾಕುವ ಹೊತ್ತಿಗೆ ಬೇಕಾದ ಸ್ಪ್ಯಾನರ್ ಅವನ ಕೈಗೆ ಬಂದಿರುತ್ತಿತ್ತು.

ಆ ಗಾಡಿಗಳ ಕಾಲ ಮುಗಿಯಿತು. ಕಡಿಮೆ ಪೆಟ್ರೋಲ್ ಕುಡಿಯುವ, ಸದ್ದೇ ಇಲ್ಲದ ಹೊಸ ಬೈಕುಗಳು ಬಂದವು. ಅವುಗಳನ್ನು ಬಿಚ್ಚುವುದಕ್ಕೆ ಕಂಪನಿಯ ಶೋರೂಮುಗಳೂ ಬಂದವು. ನಾಗೇಂದ್ರಪ್ಪ ಗ್ಯಾರೇಜಿನ ಬಾಗಿಲು ಹಾಕಿ, ಸಾಮಾನುಗಳನ್ನೆಲ್ಲ ಮನೆಯ ಹಿಂದಿನ ತಗಡಿನ ಶೆಡ್ಡಿಗೆ ತಂದಿಟ್ಟ. ಅದೇ ಹೊತ್ತಿಗೆ ಕಬ್ಬಿಣದ ಅದಿರಿನ ಮಣ್ಣಿಗೆ ಬೆಲೆ ಬಂದಿತ್ತು. ಎಲ್ಲಿ ನೋಡಿದರೂ ಅದಿರಿನ ಲಾರಿಗಳು, ಕ್ರಷರುಗಳು. ಸ್ಪ್ಯಾನರ್ ಹಿಡಿಯಲು ಬರುವವರನ್ನೆಲ್ಲ ಕರೆಕರೆದು ಕೆಲಸ ಕೊಡುತ್ತಿದ್ದರು. ಎರಡು ಸಾವಿರದ ಮೂರರಲ್ಲಿ, ಐವತ್ತರ ಅಂಚಿನಲ್ಲಿದ್ದ ನಾಗೇಂದ್ರಪ್ಪ ಸಂಡೂರಿನ ಹಾದಿಯ ಒಂದು ಕ್ರಷರಿನಲ್ಲಿ ಫಿಟರ್ ಆಗಿ ಸೇರಿಕೊಂಡ.

ಅಲ್ಲಿ ಎಮ್ಮೆಯಷ್ಟು ದೊಡ್ಡ ಅದಿರಿನ ಬಂಡೆಗಳನ್ನು ಕಬ್ಬಿಣದ ದವಡೆಗಳು ದಿನವಿಡೀ ಅಗಿಯುತ್ತಿದ್ದವು. ತಲೆಗೆ ಹೆಲ್ಮೆಟ್ ಕೊಟ್ಟಿದ್ದರು. ಕಿವಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಮೊದಮೊದಲು ಮನೆಗೆ ಬಂದಮೇಲೂ ತಲೆಯೊಳಗೆ ಜೀರುಂಡೆ ಕೂಗಿದ ಹಾಗಾಗಿ, ಬೆಳಗಾಗುವುದರೊಳಗೆ ನಿಲ್ಲುತ್ತಿತ್ತು. ಆಮೇಲೆ ಬೆಳಗಾದರೂ ನಿಲ್ಲದಾಯಿತು. ಒಂದು ದಿನ ಜೀರುಂಡೆಯೊಂದೇ ಉಳಿದು, ಮಿಕ್ಕಿದ್ದೆಲ್ಲ ದೂರ ಸರಿದಿದೆ ಎಂಬುದು ಅವನಿಗೆ ತಿಳಿಯಿತು.

ಯಾರಿಗೂ ಹೇಳಲಿಲ್ಲ. ಕಿವಿಯ ಮೇಲೆಯೇ ಹೆಸರು ಮಾಡಿದ ಮನುಷ್ಯ ಅದನ್ನು ಯಾವ ಬಾಯಿಂದ ಹೇಳಬೇಕು? ನಾಲ್ಕು ಜನ ನಕ್ಕಾಗ ತಾನೂ ನಗುವುದು, ಮಾತು ಕೇಳದಿದ್ದರೆ "ಹೂಂ, ಹೂಂ" ಎನ್ನುವುದು, ಫೋನ್ ಬಂದರೆ "ಕೈಯೆಲ್ಲ ಗ್ರೀಸ್ ಆಗೇತಿ, ನೀನ ಮಾತಾಡು" ಎಂದು ಹೆಂಡತಿಗೆ ಕೊಡುವುದು ಅವನಿಗೆ ರೂಢಿಯಾಯಿತು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅವನು ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ರೋಲರ್ ಬಿಗಿ ಮಾಡುತ್ತಿದ್ದ. ಬೆಲ್ಟ್ ಚಾಲೂ ಮಾಡುವ ಮೊದಲು ಸೈರನ್ ಹೊಡೆಯುವುದು ನಿಯಮ. ಅಂದೂ ಹೊಡೆದರು. ಇವನು ಕೈ ತೆಗೆಯಲೇ ಇಲ್ಲ. ಬಂಡ್ರಿಯ ಎರ್ರೆಪ್ಪ ಎಂಬ ಜೊತೆಗಾರ ಓಡಿ ಬಂದು, ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದ. ಅಂಗಿ ಹರಿಯಿತು, ಕೈ ಉಳಿಯಿತು. "ಎಲ್ಲಿತ್ರೀ ನಿಮ್ಮ ಧ್ಯಾಸ?" ಎಂದು ಎರ್ರೆಪ್ಪ ಬೈಯುತ್ತಿದ್ದುದು ನಾಗೇಂದ್ರಪ್ಪನಿಗೆ ತುಟಿಗಳಿಂದ ಗೊತ್ತಾಯಿತು. ಮರುವಾರ ಬೆನ್ನುನೋವು ಎಂದು ಹೇಳಿ ಕೆಲಸ ಬಿಟ್ಟ. ಮನೆಯಲ್ಲೂ ಹಾಗೆಯೇ ಹೇಳಿದ.

ಹೆಂಡತಿ ವಿರುಪಮ್ಮ ಕಂಪ್ಲಿಯವಳು. ಅವಳಪ್ಪನದು ಅಲ್ಲಿ ಹಿಟ್ಟಿನ ಗಿರಣಿ. ಮದುವೆಯಾಗುವ ತನಕ ಅವಳು ಬೆಳೆದದ್ದೇ ಆ ಬೀಸುಕಲ್ಲುಗಳ ಪಕ್ಕದಲ್ಲಿ. ಗಂಡ ಮನೆಯಲ್ಲಿ ಕುಳಿತು ಗೋಡೆ ನೋಡುವುದನ್ನು ಒಂದು ತಿಂಗಳು ಸಹಿಸಿದಳು. ಅಷ್ಟರಲ್ಲಿ ಕಂಪ್ಲಿಯಿಂದ ಒಂದು ಸುದ್ದಿ ಬಂತು. ಅಕ್ಕಿ ಗಿರಣಿಯ ಅಂದಾನಪ್ಪ ಸಾಹುಕಾರರ ಹಳೆಯ ಜಾವಾವನ್ನು ಅವರ ಮಕ್ಕಳು ಗುಜರಿಗೆ ಹಾಕಲು ಹೊರಟಿದ್ದಾರೆ, ನಾಗೇಂದ್ರಪ್ಪನಿಗೆ ಬೇಕಿದ್ದರೆ ಒಯ್ಯಲಿ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ಅರವತ್ತಾರನೇ ಇಸವಿಯ ಗಾಡಿ ಅದು. ಇಪ್ಪತ್ತು ವರ್ಷ ಅದರ ಎಂಜಿನ್ ಬಿಚ್ಚಿ ಕಟ್ಟಿದ್ದು ಇವನೇ.

"ತರ್ರಿ ಹೋಗಿ" ಅಂದಳು ವಿರುಪಮ್ಮ. "ಗ್ವಾಡಿಗೆ ಏನ್ ರಿಪೇರಿ ಇಲ್ಲ, ಅದನ್ನ ನೋಡ್ಕೋತ ಕುಂದ್ರಬ್ಯಾಡ್ರಿ."

ಟಂಟಂ ಆಟೋದಲ್ಲಿ ಬಂದಿಳಿದ ಗಾಡಿಯನ್ನು ನೋಡಿ ಓಣಿಯವರು ನಕ್ಕರು. ಟ್ಯಾಂಕಿನೊಳಗೆ ತುಕ್ಕು, ಸೀಟಿನೊಳಗೆ ಇಲಿಯ ಗೂಡು, ಸೈಲೆನ್ಸರುಗಳಲ್ಲಿ ಬೆರಳು ಹೋಗುವಷ್ಟು ತೂತು. ಮೆರೂನ್ ಬಣ್ಣ ಎಲ್ಲಿತ್ತು ಎಂಬುದನ್ನು ಹುಡುಕಬೇಕಿತ್ತು. ನಾಗೇಂದ್ರಪ್ಪ ಮಾತ್ರ ಶೆಡ್ಡಿನಲ್ಲಿ ಚಾಪೆ ಹಾಸಿ, ಗಾಡಿಯನ್ನು ನಟ್ಟು ನಟ್ಟಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯತೊಡಗಿದ. ಟ್ಯಾಂಕಿಗೆ ಒಂದು ಹಿಡಿ ಸಣ್ಣ ಕಲ್ಲು ಹಾಕಿ, ತೊಟ್ಟಿಲು ತೂಗಿದಂತೆ ಎರಡು ದಿನ ತೂಗಿ ತುಕ್ಕು ಉದುರಿಸಿದ. ಸಿಲಿಂಡರನ್ನು ಲೇತ್ ಓಬಳಪ್ಪನ ಹತ್ತಿರ ಕೊರೆಸಿದ. ಅದಕ್ಕೆ ಸರಿಯಾದ ಪಿಸ್ಟನ್ ಬಳ್ಳಾರಿಯ ಒಂದು ಹಳೆ ಅಂಗಡಿಯ ಅಟ್ಟದಲ್ಲಿ ಸಿಕ್ಕಿತು. ಬಣ್ಣ ಹೊಡೆದ ದಿನ ಗಾಳಿಗೆ ಕೆಂಪು ಧೂಳು ಹಾರಿ ಬಂದು ಹಸಿ ಬಣ್ಣದ ಮೇಲೆ ಕುಳಿತುಬಿಟ್ಟಿತು. ಉಜ್ಜಿ ತೆಗೆದು, ಶೆಡ್ಡಿಗೆ ಒದ್ದೆ ಸೀರೆಗಳನ್ನು ಕಟ್ಟಿ, ಮತ್ತೆ ಹೊಡೆದ. ಆರು ತಿಂಗಳು ಹೀಗೆಯೇ ಹೋದವು. ಈ ಕೆಲಸಕ್ಕೆ ಕಣ್ಣು ಮತ್ತು ಕೈ ಸಾಕಿದ್ದವು. ಕಿವಿಯ ನೆನಪೇ ಅವನಿಗೆ ಆಗಲಿಲ್ಲ.

ಎಂಜಿನ್ ಕೂಡಿಸಿ, ಪೆಟ್ರೋಲಿಗೆ ಆಯಿಲ್ ಬೆರೆಸಿ, ಮೂರನೇ ಕಿಕ್ಕಿಗೆ ಗಾಡಿ ಚಾಲೂ ಆದಾಗ ಅದು ಅವನಿಗೆ ಗೊತ್ತಾದದ್ದು ಹೊಗೆಯಿಂದ. ಅಂಗೈಯನ್ನು ಎಂಜಿನ್ನಿನ ಮೇಲಿಟ್ಟ. ನಡುಕ ಚುರುಕಾಗಿತ್ತು. ಹುಮ್ಮಸ್ಸಿನಲ್ಲಿದೆ ಅಂದುಕೊಂಡ. ಅಷ್ಟರಲ್ಲಿ ಅಡುಗೆಮನೆಯಿಂದ ವಿರುಪಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದು ಅವನೆದುರು ನಿಂತಳು.

"ಬಂದ್ ಮಾಡ್ರಿ! ಮೊದ್ಲು ಅದನ್ನ ಬಂದ್ ಮಾಡ್ರಿ!"

"ಯಾಕ? ಏನಾತು?"

"ಖಾಲಿ ಗಿರಣಿ ಓಡಿದಂಗ ಕೇಳಾಕತ್ತೈತಿ. ಕಾಳು ಮುಗದು ಕಲ್ಲಿಗೆ ಕಲ್ಲು ತಾಗ್ತೈತಲ್ಲ, ಹಂಗ."

ನಾಗೇಂದ್ರಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮೂವತ್ತು ವರ್ಷ ಇದನ್ನ ಮಾಡಿದಾವ ನಾನು. ಜಾವಾದ್ದು ನಿನಗೇನ್ ಗೊತ್ತೈತಿ? ಒಳಗ ಹೋಗು."

ಅವಳು ಹೋದಳು. ಮಾರನೆಯ ಬೆಳಿಗ್ಗೆ ಅವನು ಗಾಡಿ ತೆಗೆದುಕೊಂಡು ಗಾದಿಗನೂರಿನ ಕಡೆ ಹೊರಟ. ಊರು ದಾಟಿ ಎರಡು ಮೈಲಿಯೂ ಆಗಿರಲಿಲ್ಲ, ಹಿಂದಿನ ಚಕ್ರ ಒಮ್ಮೆಲೇ ಬಿಗಿದು ನಿಂತು, ಗಾಡಿ ಓರೆಯಾಗಿ ಜಾರಿತು. ಅವನು ರಸ್ತೆಯಂಚಿನ ಅದಿರಿನ ಪುಡಿಯಲ್ಲಿ ಬಿದ್ದ. ಹಿಂದೆ ಬರುತ್ತಿದ್ದ ಲಾರಿಗಳು ಸುತ್ತಿ ಬಳಸಿ ಹೋದವು. ಮೊಣಕೈ ಒರೆಸಿಕೊಂಡು, ಬಿಸಿ ಎಂಜಿನ್ನಿನ ಪ್ಲಗ್ ಬಿಚ್ಚಿ ನೋಡಿದ. ಅದು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಪೆಟ್ರೋಲ್ ಸಾಲದೆ ಗಾಳಿಯೇ ಹೆಚ್ಚಾಗಿ ಎಂಜಿನ್ ಸುಟ್ಟುಕೊಂಡಿತ್ತು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಕಾಳು ಮುಗಿದ ಗಿರಣಿ ಅಂದರೆ ಇದೇ. ಹೆಂಡತಿ ಹೇಳಿದ್ದಕ್ಕಿಂತ ಸರಿಯಾಗಿ ಅವನಿಗೂ ಹೇಳಲಾಗುತ್ತಿರಲಿಲ್ಲ.

ಗಾಡಿಯನ್ನು ತಳ್ಳಿಕೊಂಡು ಮನೆಗೆ ಬಂದ. "ಧೂಳಿಗೆ ಜಾರಿದೆ" ಎಂದ. ವಿರುಪಮ್ಮ ಗಾಯ ತೊಳೆದು ಅರಿಶಿನ ಹಚ್ಚಿ ಬಟ್ಟೆ ಕಟ್ಟಿದಳು. ಕಟ್ಟಿದ ಮೇಲೂ ಏಳಲಿಲ್ಲ. ಅವನ ಎದುರಿಗೇ ಕುಕ್ಕುರುಗಾಲಿನಲ್ಲಿ ಕುಳಿತಳು.

"ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ಕಿವಿ ಕೇಳ್ಸಂಗಿಲ್ಲ ಅನ್ನೋದು ನನಗ ಗೊತ್ತೈತಿ."

"ಯಾವಾಗಿಂದ?"

"ಎರಡು ವರ್ಷ ಆತು. ಕುಕ್ಕರ್ ಏಳು ಸೀಟಿ ಹೊಡದ್ರೂ ನೀವು ಪಕ್ಕದಾಗ ಕುಂತು ಪೇಪರ್ ಓದ್ತಿದ್ರಿ."

"ಮತ್ತ ಯಾಕ ಹೇಳ್ಲಿಲ್ಲ?"

"ನೀವ್ಯಾಕ ಹೇಳ್ಲಿಲ್ಲ?"

ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ಈ ಎರಡು ವರ್ಷದಲ್ಲಿ ವಿರುಪಮ್ಮ ಒಳಗಿನಿಂದ ಕೂಗಿ ಕರೆದದ್ದೇ ಇಲ್ಲ. ಏನು ಹೇಳಬೇಕಿದ್ದರೂ ಸುತ್ತಿ ಬಂದು, ಮುಖಕ್ಕೆ ಮುಖ ಕೊಟ್ಟು, ಬೆಳಕಿಗೆ ನಿಂತು, ನಿಧಾನಕ್ಕೆ ಹೇಳುತ್ತಿದ್ದಳು. ವಯಸ್ಸಾಯಿತು, ಮೆತ್ತಗಾಗಿದ್ದಾಳೆ ಅಂದುಕೊಂಡಿದ್ದ. ತಾನು ಮುಚ್ಚಿಟ್ಟದ್ದನ್ನು ಅವಳೂ ಜೊತೆಗೂಡಿ ಮುಚ್ಚಿಟ್ಟುಕೊಂಡು ಬಂದಿದ್ದಳು. ಅವನು ಮೊಣಕೈಗೆ ಕಟ್ಟಿದ್ದ ಬಟ್ಟೆಯ ಗಂಟನ್ನು ಸುಮ್ಮನೆ ಸರಿಮಾಡಿಕೊಂಡ.

ಎಂಜಿನ್ ಮತ್ತೆ ಬಿಚ್ಚಿದಾಗ ತಪ್ಪು ಸಿಕ್ಕಿತು. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಪಕ್ಕದ ರಬ್ಬರ್ ಸೀಲಿನ ಅಂಚು, ಕೂಡಿಸುವಾಗ ಕೂದಲೆಳೆಯಷ್ಟು ಹರಿದಿತ್ತು. ಅಲ್ಲಿಂದಲೇ ಗಾಳಿ ನುಗ್ಗುತ್ತಿತ್ತು. ಓಬಳಪ್ಪ ಸಿಲಿಂಡರನ್ನು ಇನ್ನೊಂದು ಅಳತೆಗೆ ಕೊರೆದುಕೊಟ್ಟ. "ಇನ್ನೊಮ್ಮೆ ಕಚ್ಚಿದ್ರ ಕೊರ್ಯಾಕ ಕಬ್ಬಿಣ ಇಲ್ಲ ನೋಡಪಾ" ಎಂದು ಎಚ್ಚರಿಸಿದ.

ಈ ಸಲ ಶೆಡ್ಡಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕಿ ವಿರುಪಮ್ಮನನ್ನು ಕೂರಿಸಿದ. ಅವನು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಸ್ಕ್ರೂ ತಿರುಗಿಸುವುದು, ಅವಳು ಕೇಳುವುದು. ಮೊದಲ ವಾರವಿಡೀ ಜಗಳ. ಅವಳು "ಕುಂಟಾಕತ್ತೈತಿ" ಅನ್ನುವಳು. ಕುಂಟುವುದೆಂದರೆ ಕಿಡಿ ಕೊಡುವ ಪಾಯಿಂಟಿನ ದೋಷವೋ ಪೆಟ್ರೋಲಿನದೋ? "ನನಗೇನ್ ಗೊತ್ತು, ಕುಂಟತೈತಿ ಅಷ್ಟ!" ಎಂದು ಅವಳು ಎದ್ದು ಹೋಗುವಳು. ಸ್ವಲ್ಪ ಹೊತ್ತಿಗೆ ಚಹಾ ತಂದು ಮತ್ತೆ ಕೂರುವಳು. ಹೀಗೆ ಇಬ್ಬರ ನಡುವೆ ಒಂದು ಭಾಷೆ ಬೆಳೆಯಿತು. ಖಾಲಿ ಗಿರಣಿ ಎಂದರೆ ಗಾಳಿ ಹೆಚ್ಚು. ಒದ್ದೆ ಜೋಳ ಬೀಸಿದಂತೆ ಎಂದರೆ ಪೆಟ್ರೋಲ್ ಹೆಚ್ಚು. ಒಳಗೆಲ್ಲೋ ಸಣ್ಣ ಗೆಜ್ಜೆ ಅಲುಗಿದಂತೆ ಎಂದರೆ ಕಿಡಿ ಬೇಗ ಹಾರುತ್ತಿದೆ. ಹದಿನೈದನೆಯ ದಿನ ಅವಳು ಕಣ್ಣು ಮುಚ್ಚಿ ಕೇಳಿ, ಅಂಗೈಯನ್ನು ನೆಲಕ್ಕೆ ಸಮ ಹಿಡಿದು, "ಈಗ ಹಿಟ್ಟು ನುಣ್ಣಗ ಬೀಳಾಕತ್ತೈತಿ ನೋಡ್ರಿ" ಅಂದಳು. ಅವನು ಸ್ಕ್ರೂವಿನಿಂದ ಕೈ ತೆಗೆದ.

ಆ ನಡುವೆಯೇ ಅವಳು ಅವನನ್ನು ಬಳ್ಳಾರಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದ ಡಾಕ್ಟರು ಕಿವಿಗೆ ಹಾಕುವ ಒಂದು ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡರೆ ತಟ್ಟೆ ಲೋಟಗಳ ಸದ್ದು ಕ್ರಷರಿನಂತೆ ಕೇಳುತ್ತಿತ್ತು. ಸಂಜೆ ಮಾತಾಡುವ ಹೊತ್ತಿಗಷ್ಟೇ ಹಾಕಿಕೊಳ್ಳುತ್ತಿದ್ದ.

ಎರಡು ಸಾವಿರದ ಎಂಟರ ಕಾರ್ತಿಕದಲ್ಲಿ ಇಬ್ಬರೂ ಜಾವಾ ಹತ್ತಿ ಕಂಪ್ಲಿಗೆ ಹೋದರು, ಸಾಹುಕಾರರಿಗೆ ತೋರಿಸಲು. ಕಮಲಾಪುರ ದಾಟಿದ ಮೇಲೆ ಬಾಳೆ, ಕಬ್ಬು, ನೀರಿನ ತಂಪು. ವಿರುಪಮ್ಮ ಹಿಂದೆ ಕುಳಿತು, ಹಾರ್ನ್ ಕೇಳಿದಾಗಲೆಲ್ಲ ಅವನ ಹೆಗಲು ತಟ್ಟುತ್ತಿದ್ದಳು.

ಎಂಬತ್ತು ದಾಟಿದ ಅಂದಾನಪ್ಪ ಗಿರಣಿಯ ಅಂಗಳದಲ್ಲಿ ಮಂಚದ ಮೇಲೆ ಕುಳಿತಿದ್ದರು. ಎದ್ದು, ಕೋಲೂರಿ, ಗಾಡಿಯನ್ನು ಎರಡು ಸುತ್ತು ಬಂದರು. ಚಾಲೂ ಮಾಡಿಸಿ, ತಲೆ ಬಾಗಿಸಿ ಕೇಳಿದರು. "ಏ ನಾಗೇಂದ್ರ, ಇದು ನನ್ನ ಗಾಡಿ ಅಲ್ಲಲೇ. ನಂದು ಇಷ್ಟು ಚಂದ ಎಂದೂ ಉಸಿರಾಡಿದ್ದಿಲ್ಲ. ನಿನ್ನ ಕಿವಿ ಇನ್ನಾ ಹಂಗ ಐತಿ ನೋಡು!"

ವಿರುಪಮ್ಮ ಆ ಮಾತನ್ನು ಅವನ ಮುಖಕ್ಕೆ ತಿರುಗಿ ಮತ್ತೆ ಹೇಳಿದಳು. ಎಂದಿನಂತೆ "ಹೂಂ" ಎಂದು ನಕ್ಕುಬಿಡಬಹುದಿತ್ತು. ನಾಗೇಂದ್ರಪ್ಪ ಎಂಜಿನ್ ಬಂದ್ ಮಾಡಿದ.

"ನನ್ನ ಕಿವಿ ಹೋಗ್ಯಾವ್ರಿ ಸಾವ್ಕಾರ್ರ. ಕ್ರಷರಿನಾಗ ಹೋದ್ವು. ಈ ಗಾಡಿ ಸಪ್ಪಳ ನಾ ಒಮ್ಮೀನೂ ಕೇಳಿಲ್ಲ. ಕೇಳಿದಾಕಿ ಇಕಿ."

ಅಂದಾನಪ್ಪ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದರು. "ಗಿರಣಿ ಮಗಳಲ್ಲೇನು" ಎಂದವರೇ ಒಳಗೆ ಕೂಗಿ, ಇಬ್ಬರಿಗೂ ಎಲೆ ಹಾಕಲು ಹೇಳಿದರು. ಬೇರೇನೂ ಕೇಳಲಿಲ್ಲ. ಇಷ್ಟು ವರ್ಷ ಅಂಜಿದ್ದ ಮಾತು ಒಂದು ಊಟದಲ್ಲಿ ಮುಗಿದುಹೋದದ್ದು ನಾಗೇಂದ್ರಪ್ಪನಿಗೆ ಸೋಜಿಗವೆನಿಸಿತು.

ವಾಪಸು ಬರುವಾಗ, ಹೊಸಪೇಟೆ ಇನ್ನೇನು ಸಿಕ್ಕಿತು ಅನ್ನುವಾಗ, ಹಿಂದಿನಿಂದ ಅದಿರಿನ ಲಾರಿಯೊಂದು ಬಂತು. ಆ ವರ್ಷ ಅವು ಯಾವ ದಾರಿಯನ್ನೂ ಬಿಟ್ಟಿರಲಿಲ್ಲ. ವಿರುಪಮ್ಮ ಹೆಗಲು ತಟ್ಟಿದಳು, ಗುದ್ದಿದಳು. ಯಾವ ಬದಿಗೆ ಎಂದು ತಿಳಿಯದೆ ಅವನು ಬಲಕ್ಕೆ ಸರಿದ. ಲಾರಿ ಕೈಯಳತೆಯಲ್ಲಿ ಹಾದುಹೋಗಿ, ಇಬ್ಬರೂ ಕೆಂಪು ಧೂಳಿನಲ್ಲಿ ಮುಳುಗಿದರು. ಒಂದು ಬೇವಿನ ಮರದ ಕೆಳಗೆ ಅವನು ಗಾಡಿ ನಿಲ್ಲಿಸಿದ.

ವಿರುಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನ ನನಗ ಗಾಡಿ ಕಲಸ್ರಿ. ನಾ ಹೊಡೀತೀನಿ, ನೀವು ಹಿಂದ ಕುಂದ್ರಿ."

ಅವನಿಗೆ ನಗು ಬಂತು. ಅವಳು ನಗುತ್ತಿರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ಪಾಠ ಶುರುವಾಯಿತು. ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲಿನ ಮೇಲೆ ಹಿಟ್ಟಿನ ಚೀಲ ಹೇರಿಕೊಂಡು ಓಡಾಡಿದ್ದವಳಿಗೆ ತೂಕ ಹಿಡಿಯುವುದು ಕಷ್ಟವಾಗಲಿಲ್ಲ. ಎರಡು ಸಲ ಬಿದ್ದಳು, ಅದರಲ್ಲೊಂದು ಸಲ ಯಾರದೋ ಕಬ್ಬಿನೊಳಗೆ. ಕೆಲಸಕ್ಕೆ ಹೊರಟಿದ್ದ ಹೆಂಗಸರು ನಿಂತು ನಕ್ಕರು. ನಕ್ಕವರಲ್ಲೊಬ್ಬಳು ನಾಲ್ಕನೆಯ ದಿನ, "ನನ್ನೂ ಒಂದ್ ರೌಂಡ್ ಕರ್ಕೊಂಡ್ ಹೋಗ್ರೆಕ್ಕ" ಎಂದು ಕೇಳಿದಳು.

ಆಮೇಲೆ ಶೆಡ್ಡಿಗೆ ತಿಂಗಳಿಗೊಂದು ಎರಡು ಹಳೆಯ ಗಾಡಿಗಳು ಬರತೊಡಗಿದವು. ಬಂದವರು ಸ್ಟೂಲಿನ ಮೇಲೆ ಕುಳಿತ ಹೆಂಗಸನ್ನು ನೋಡಿ ಮೊದಲು ಅನುಮಾನಿಸುತ್ತಿದ್ದರು, ಹೋಗುವಾಗ ಅವಳಿಗೇ ಹೇಳಿ ಹೋಗುತ್ತಿದ್ದರು. ಒಂದು ಭಾನುವಾರ ಇಬ್ಬರೂ ಬಂಡ್ರಿಗೆ ಹೊರಟರು. ಕೆಲಸ ಬಿಟ್ಟದ್ದು ಬೆನ್ನುನೋವಿಗಲ್ಲ ಎಂದು, ಅಂದು ಬೆಲ್ಟಿನಿಂದ ಎಳೆದು ಉಳಿಸಿದ್ದ ಎರ್ರೆಪ್ಪನಿಗೆ ಹೇಳಬೇಕಿತ್ತು, ನಾಳೆಯಿಂದಲೇ ಕಿವಿ ಮುಚ್ಚಿಕೊಂಡು ಕೆಲಸ ಮಾಡು ಎಂದೂ ಹೇಳಬೇಕಿತ್ತು. ಕಿಕ್ ಹೊಡೆದುಕೊಟ್ಟು ನಾಗೇಂದ್ರಪ್ಪ ಹಿಂದೆ ಕುಳಿತ. ಊರು ಬಿಟ್ಟ ಮೇಲಿನ ಏರಿನಲ್ಲಿ ಗೇರ್ ಇಳಿಸುವಾಗ ವಿರುಪಮ್ಮನ ಕಾಲು ತಡವರಿಸಿತು. ಹೇಳಿಕೊಡಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ತಾನೇ ಸರಿಮಾಡಿಕೊಂಡು, ಏರು ಹತ್ತಿಸಿದಳು.