ಪರಿಮಳಕ್ಕನ ‘ಹುಡುಕು’

ಪರಿಮಳಕ್ಕ ಶಿರಸಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಆ ದಿನಗಳು ಇನ್ನೊಮ್ಮೆ ಬರಬಾರದೇ ಅನಿಸುತ್ತದೆ. ೧೯೯೯ರಿಂದ ಮೂರು ತಾಲೂಕಿನ ರಕ್ತದಾನಿಗಳ ಪಟ್ಟಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಕೇರಿಗೊಂದು ಫೈಲು. ಅವಳು ಬರೆದ ‘ಹುಡುಕು’ ಎಂಬ ಶೆಲ್ ಸ್ಕ್ರಿಪ್ಟಿಗೆ, ಅಂದರೆ ಸಾಲುಸಾಲು ಆಜ್ಞೆಗಳ ಪುಟ್ಟ ಪ್ರೋಗ್ರಾಮಿಗೆ, ರಕ್ತದ ಗುಂಪು ಕೊಟ್ಟರೆ ದಾನಿಗಳ ಹೆಸರು ತೆರೆಯ ಮೇಲೆ ಬರುತ್ತಿತ್ತು.

ಅವಳ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಸಿದ್ದಾಪುರದಲ್ಲಿ ಪಟ್ಟಿಯ ಪ್ರತಿ ಇಟ್ಟುಕೊಂಡಿದ್ದ ನನ್ನದೂ, ಯಲ್ಲಾಪುರದವರದೂ ವಿಂಡೋಸ್. ಅಲ್ಲೂ ಶೆಲ್ ನಡೆಯಲೆಂದು ಸಿಗ್ವಿನ್ ಎಂಬ ತಂತ್ರಾಂಶ ಹಾಕಿಕೊಂಡಿದ್ದೆವು. ಊರಿಗೊಂದು ಸ್ಕ್ರಿಪ್ಟ್ ಬರೆದುಬಿಡು ಎಂದರೆ ರೇಗುತ್ತಿದ್ದಳು. ಅವಳ ಬಾಯಲ್ಲಿ ನಾನು ಯಾವಾಗಲೂ ‘ತಮ’, ಅಂದರೆ ತಮ್ಮ.

“ಒಂದೇ ಬರೀತೆ, ಮೂರೂ ಕಡೆ ನಡೀಲಿ. ಮೂರು ಬರದ್ರೆ ಒಂದು ತಿದ್ದದು ಮರ್ತೇ ಹೋಗ್ತು ತಮಾ.”

ಸಾಲಿನ ಕೊನೆಗೆ ವಿಂಡೋಸ್ ಅಂಟಿಸುವ, ಕಣ್ಣಿಗೆ ಕಾಣದ ಒಂದು ಗುರುತನ್ನು ಕಿತ್ತು ಹಾಕುವುದಕ್ಕೇ ಒಂದು ವಾರ ತಲೆ ಕೆಡಿಸಿಕೊಂಡಿದ್ದಳು. ಅಂಥವಳೂ ಎಡವಿದಳು. ನಮ್ಮ ಕಡೆ ಊರು ಹೇಳಿದರೆ ಮೇಲಿನಕೇರಿಯೋ ಕೆಳಗಿನಕೇರಿಯೋ ಎಂದು ಕೇಳದೆ ಬಿಡುವವರಿಲ್ಲ. ಅವಳು ಕೋಲಸಿರ್ಸಿಯ ಮೇಲಿನಕೇರಿಯ ಫೈಲಿಗೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಊರಿನ ಹೆಸರಿಟ್ಟಳು, ಕೆಳಗಿನಕೇರಿಗೆ ಅದೇ ಹೆಸರು ಸಣ್ಣಕ್ಷರದಲ್ಲಿ. ಲಿನಕ್ಸಿಗೆ ಅವು ಎರಡು ಫೈಲು. ವಿಂಡೋಸಿಗೆ ಒಂದೇ.

೨೦೦೧ರ ಆಗಸ್ಟಿನಲ್ಲಿ ಎಕ್ಕಂಬಿಯ ಗಿರೀಶ ನನ್ನ ಬಾಗಿಲಿಗೆ ಓಡಿ ಬಂದ. ಹೆಂಡತಿ ಗಂಗಾಂಬಿಕಾಗೆ ನಮ್ಮೂರ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಬೇಕಾದದ್ದು ಓ ನೆಗೆಟಿವ್.

“ಲಗೂನ ನೋಡ್ರಿ ಸರ, ಕೈ ಮುಗೀತೀನಿ.”

‘ಹುಡುಕು’ ಒಬ್ಬರನ್ನೂ ತೋರಿಸಲಿಲ್ಲ. ಶಿರಸಿಗೆ ಫೋನು ಮಾಡಿದೆ.

“ಯಾರೂ ಇಲ್ಲೆ ಅಕ್ಕಾ.”

“ಇಲ್ದೆ ಎಂತ! ಕೋಲಸಿರ್ಸಿ ಮೇಲಿನಕೇರಿ ರಘುಪತಿ ಇದ್ದ. ಅವನ ಹೆಸ್ರು ಆನೇ ಕೈಯಾರೆ ಬರದ್ದಿ. ಓಡು!”

ರಘುಪತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದೆ. ಗಂಗಾಂಬಿಕಾ ಉಳಿದಳು.

ಮರುದಿನ ಮೊದಲ ಬಸ್ಸಿಗೇ ಪರಿಮಳಕ್ಕ ಬಂದು ನನ್ನ ಕಂಪ್ಯೂಟರಿನ ಮುಂದೆ ಕೂತಳು. ಮೇಲಿನಕೇರಿಯ ಫೈಲಿನ ಮೇಲೆ ಕೆಳಗಿನಕೇರಿಯದು ಬಂದು ಕೂತಿತ್ತು. “ತಪ್ಪು ನಂದು. ಹೆಸರಿಡಕಾದ್ರೇ ನೋಡಕಾಗಿತ್ತು” ಎಂದು ಸುದ್ದಿ ಕೇಳಿ ಸೇರಿದ್ದ ಎಲ್ಲರೆದುರು ಒಪ್ಪಿಕೊಂಡಳು. ನಾನು ಬಾಯಿ ಬಿಡಲಿಲ್ಲ. ಅವಳು ಒಂದೇ ಗಂಟಾಗಿ ಕಟ್ಟಿ ಕಳಿಸಿದ ಫೈಲುಗಳನ್ನು ಫ್ಲಾಪಿಯಿಂದ ಬಿಚ್ಚುವಾಗ, ಈ ಹೆಸರಿನದು ಆಗಲೇ ಇದೆ, ಬದಲಿಸಲೇ ಎಂದು ಕಂಪ್ಯೂಟರ್ ಕೇಳಿತ್ತು. ಚಹಾ ಆರುತ್ತದೆಂದು ಓದದೆ ‘ಹೌದು’ ಒತ್ತಿದವನು ನಾನು. ಹೇಡಿ ನಾನು, ಇನ್ನೇನು ಹೇಳಲಿ.

ಅವಳು ಕೇರಿಗಳ ಹೆಸರನ್ನೆಲ್ಲ ಬದಲಿಸಿದಳು. ಫೈಲು ಬಿಚ್ಚುವುದಕ್ಕೂ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಳು. ಅದು ನಡೆಯುತ್ತಿತ್ತು, ನಾನು ಒಳಗೆ ಇಣುಕಲಿಲ್ಲ.

೨೦೦೮ರಲ್ಲಿ ಆ ಹಳೇ ಕಂಪ್ಯೂಟರನ್ನು ಕೊಟ್ಟುಬಿಡುವ ಮುಂಚೆ ಆ ಬಿಚ್ಚುವ ಸ್ಕ್ರಿಪ್ಟನ್ನು ತೆರೆದು ನೋಡಿದೆ. ಒಂದೇ ಹೆಸರು ಎರಡು ಸಲ ಬಂದರೆ, ಬದಲಿಸಲೇ ಎಂದು ಕೇಳದೆ, ಕೆಲಸ ಅಲ್ಲೇ ನಿಲ್ಲುವಂತೆ ಮಾಡಿದ್ದಳು. ಅದರ ಮೇಲಿನ ಸಾಲಿನಲ್ಲಿ, ಕಂಪ್ಯೂಟರ್ ಲೆಕ್ಕಕ್ಕೆ ಹಿಡಿಯದ ಟಿಪ್ಪಣಿಯಾಗಿ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಬರೆದಿದ್ದಳು:

“ಇಲ್ಲಿ ಕೇಳಡ, ನಿಲ್ಸು. ಕೇಳಿದ್ರೆ ತಮ ಹೌದು ಒತ್ತಿಬಿಡ್ತ.”

ಏಳು ವರ್ಷ ಅವಳು ಆ ಮಾತನ್ನೇ ಎತ್ತಿರಲಿಲ್ಲ.