ತಲೆಗೆ ಹಾಕಿದ ನೀರು

ನನಗೆ ಅನುಮಾನ ಜಾಸ್ತಿ. ಹಾಲಿನವನು ಸುಮ್ಮನೆ ನಕ್ಕರೂ ಇವತ್ತು ನೀರು ಬೆರೆಸಿದ್ದಾನೆ ಎಂದುಕೊಳ್ಳುವವಳು ನಾನು. ಇಂಥವಳು ಸಮಾಜಸೇವೆಗೆ ಹೇಗೆ ಬಂದಳೋ ಎಂದು ನಮ್ಮ ಚರ್ಚಿನ ಸಿಸ್ಟರೊಬ್ಬರು ಆಡಿಕೊಂಡದ್ದೂ ಉಂಟು.

ಗೋಣಿಬೀಡಿನಾಚೆಯ ಒಂದು ಎಸ್ಟೇಟಿನಲ್ಲಿ ಕೂಲಿ ಹೆಂಗಸರ ಮಕ್ಕಳಿಗೆಂದು ನಮ್ಮ ಚರ್ಚಿನ ಸೇವಾ ಸಂಸ್ಥೆ ಶಿಶುಮನೆ ತೆರೆದಾಗ ನೋಡಿಕೊಳ್ಳಲು ನನ್ನನ್ನು ಹಾಕಿದರು. ತಾಯಂದಿರು ಕಾಫಿ ಹಣ್ಣು ಕುಯ್ಯುವಷ್ಟು ಹೊತ್ತು ಮಕ್ಕಳು ನನ್ನ ಹತ್ತಿರ. ಕೂಲಿಯವರ ಲೈನ್ ಮನೆಗಳ ಪಕ್ಕದ ಹಳೇ ಗೋದಾಮನ್ನು ತೋಟದ ಸಾಹುಕಾರರು ಪುಕ್ಕಟೆ ಬಿಟ್ಟುಕೊಟ್ಟಿದ್ದರು. ಪುಕ್ಕಟೆ ಯಾಕೆ ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡೆ.

ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದರು, ಸೇವೆ ಮಾಡಿ, ಬೋಧನೆ ಮಾಡಬೇಡಿ ಎಂದು. ನಾನು ಅದಕ್ಕೂ ಒಂದು ಹೆಜ್ಜೆ ಮುಂದೆ. ಗೋಡೆಗೆ ಒಂದು ಪಟವನ್ನೂ ಹಾಕಲಿಲ್ಲ. ಕತ್ತಿನ ಶಿಲುಬೆ ಸರವನ್ನು ಗೇಟಿನ ಹತ್ತಿರವೇ ತೆಗೆದು ಬ್ಯಾಗಿಗೆ ಸೇರಿಸುತ್ತಿದ್ದೆ. ಎಷ್ಟು ವಿವೇಕಿ ನಾನು ಎಂದು ನನ್ನ ಮೇಲೆ ನನಗೇ ಮೆಚ್ಚುಗೆ.

ಮೊದಲ ತಿಂಗಳು ಒಂಬತ್ತು ಮಕ್ಕಳಿದ್ದವು. ಆಮೇಲೆ ಐದಾದವು. ಒಂದು ಸೋಮವಾರ ಒಂದೂ ಬರಲಿಲ್ಲ. ಬೇಯಿಸಿಟ್ಟ ಅನ್ನ ಹಾಗೇ ಆರಿತು.

ನನ್ನ ಅನುಮಾನ ಹೋದದ್ದು ರೈಟರ ಮೇಲೆ. ಎಸ್ಟೇಟಿನ ಹಾಜರಿ ಬರೆಯುವ ಅವರು ಮೊದಲ ದಿನವೇ "ಪ್ರಾರ್ಥನೆ ಗೀರ್ಥನೆ ಎಲ್ಲ ಇಲ್ಲ ಅಲ್ವಾ ಮೇಡಂ?" ಎಂದು ನಕ್ಕಿದ್ದರು. ಸೀದಾ ಅವರ ಹತ್ತಿರ ಹೋಗಿ, "ಹೆಂಗಸರ ಕಿವಿ ಊದಿದ್ದು ನೀವೇ ತಾನೆ?" ಎಂದೆ.

"ನಾನ್ಯಾಕೆ ಊದ್ಲಿ? ಮಕ್ಳನ್ನ ಕಟ್ಕೊಂಡು ಬಂದ್ರೆ ಕುಯ್ಲು ಅರ್ಧನೂ ಆಗಲ್ಲ, ಬೈಸ್ಕೊಳ್ಳೋನು ನಾನು" ಎಂದರು. ಹಾಜರಿ ಪುಸ್ತಕ ಮುಚ್ಚಿಟ್ಟು, "ನಿಜ ಹೇಳ್ಲಾ? ನಿಮ್ಮನ್ನ ಯೂನಿಯನ್ನೋರು ಕಳ್ಸಿದಾರೆ ಅಂದ್ಕೊಂಡಿದ್ದೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಲ್ಲಿಂದ ತೋಟಕ್ಕೆ ಇಳಿದೆ.

ಮಕ್ಕಳು ಅಲ್ಲೇ ಇದ್ದವು, ಗಿಡಗಳ ಬುಡದಲ್ಲಿ ಗೋಣಿಚೀಲದ ಮೇಲೆ. ಎರಡು ವರ್ಷದ ಒಂದು ಹೆಣ್ಣುಮಗುವಿಗೆ ಚಗಳಿ ಇರುವೆ ಕಚ್ಚಿ ರೆಪ್ಪೆ ಊದಿ, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದರ ತಾಯಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯುತ್ತಿದ್ದಳು.

"ಮಗೂನ ಇಲ್ಲಿ ಮಲಗಿಸಿದೀಯಲ್ಲ, ನಿಂಗೆ ಬುದ್ಧಿ ಇದೆಯಾ?" ಎಂದು ಕೂಗಿದೆ.

ಅವಳು ಕೈ ನಿಲ್ಲಿಸಿದಳು. "ಅಕ್ಕಾ, ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಮಧ್ಯಾಹ್ನ ಮಕ್ಳ ತಲೆಗೆ ನೀರು ಹಾಕ್ತೀರಲ್ಲ, ಯಾಕೆ?"

"ಹೇನು, ಮಣ್ಣು, ಬೆವರು. ಇನ್ಯಾಕೆ?"

"ಹಾಕ್ತಾ ಹಾಕ್ತಾ ಬಾಯಲ್ಲಿ ಏನೋ ಹೇಳ್ತೀರಿ. ನಾನೇ ಕಿಟಕೀಲಿ ನೋಡಿದೀನಿ. ಬಸ್ಸಲ್ಲಿ ಕತ್ತಲ್ಲಿರೋ ಶಿಲುಬೆ ಗೇಟ್ ಹತ್ರ ಬ್ಯಾಗಿಗೆ ಹೋಗತ್ತೆ. ಒಳ್ಳೇದಾದ್ರೆ ಯಾಕೆ ಬಚ್ಚಿಡ್ತೀರಿ?"

ತಲೆಯ ಮೇಲೆ ನೀರೆರೆದು ಮಗುವನ್ನು ದೇವರಿಗೆ ಒಪ್ಪಿಸುವುದು ನಮ್ಮಲ್ಲಿ ದೀಕ್ಷಾಸ್ನಾನ, ಮಗುವನ್ನು ಕ್ರೈಸ್ತ ಮಾಡುವ ವಿಧಿ ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಊರಿನವರನ್ನೆಲ್ಲ ಅನುಮಾನಿಸಿದ ನಾನು ನನ್ನನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಎಷ್ಟು ಚೊಂಬು ಅಂತ ಲೆಕ್ಕ ಹಾಕುತ್ತಿದ್ದೆ ಎಂದು ಸುಳ್ಳು ಹೇಳಿಬಿಡಬಹುದಿತ್ತು. ಹೇಳಲು ನಾಲಿಗೆ ತುದಿಗೂ ಬಂತು. ಆದರೆ ಆ ಮಗು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡುತ್ತಿತ್ತು.

"ಚಿಕ್ಕಂದಿನಲ್ಲಿ ನಮ್ಮಮ್ಮ ನನಗೆ ಸ್ನಾನ ಮಾಡಿಸುವಾಗ ಹೇಳ್ತಿದ್ರು. ಯೇಸುವೇ, ಈ ಮಗೂನ ಕಾಪಾಡು ಅಂತ. ನನಗೂ ರೂಢಿ. ಜಾತಿ ಬದಲಿಸೋ ಮಂತ್ರ ಅಲ್ಲ. ಆದ್ರೆ ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ತಪ್ಪಾಯ್ತು."

ಅವಳು ನಂಬಿದಳೋ ಇಲ್ಲವೋ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಒಂದು ಗಿಡ ಪೂರ್ತಿ ಕುಯ್ದು ಮುಗಿಸಿದಳು.

"ನಾಳೆ ಕಳಿಸ್ತೀನಿ. ನೀರು ನಾನು ಬಂದು ಹಾಕ್ತೀನಿ, ನೀವು ಟವೆಲ್ ಹಿಡ್ಕಳಿ. ಸರ ಹಾಕ್ಕೊಂಡೇ ಬನ್ನಿ" ಎಂದಳು.

ಮರುದಿನ ಊಟದ ಬಿಡುವಿನಲ್ಲಿ ಅವಳು ಬಂದಳು. ಸರ ನನ್ನ ಕತ್ತಿನಲ್ಲಿತ್ತು. ಉಳಿದ ತಾಯಂದಿರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವಳು ಚೊಂಬು ಚೊಂಬಾಗಿ ನೀರು ಸುರಿದಳು, ಊದಿದ ರೆಪ್ಪೆಗೆ ತಾಗದ ಹಾಗೆ ಅಂಗೈ ಅಡ್ಡ ಹಿಡಿದು. ಕಣ್ಣು ಮಾತ್ರ ಮಗುವಿನ ಮೇಲಿರಲಿಲ್ಲ, ನನ್ನ ತುಟಿಯ ಮೇಲಿತ್ತು. ನಾನು ತುಟಿ ಕಚ್ಚಿಕೊಂಡು ನಿಂತೆ.

"ಹೇಳೋದಿದ್ರೆ ಹೇಳಿ ಅಕ್ಕಾ" ಎಂದಳು. "ನಂಗೂ ಕೇಳೋ ಹಾಗೆ ಹೇಳಿ."

ಯಾರನ್ನೂ ಕೇಳದೆ ಒಂಬತ್ತು ಮಕ್ಕಳ ತಲೆಯ ಮೇಲೆ ಹೇಳಿದ ಮಾತು, ಅವಳು ಹೇಳಿ ಎಂದಾಗ ನನ್ನ ಬಾಯಿಂದ ಬರಲಿಲ್ಲ. ನಾನು ಟವೆಲ್ ಚಾಚಿದೆ.