ಖಾನಾಪುರದ ತಂಬಿಗೆ ನೀರು

ಅಪ್ಪನಿಗೆ ಕಾಮಾಲೆ ಆದ ವರ್ಷ ನಮ್ಮ ಮನೆಯಲ್ಲಿ ನೀರಿನ ಮೇಲಿನ ನಂಬಿಕೆ ಹೋಯಿತು. ಎರಡು ಸಾವಿರದ ಇಸವಿಯ ಆಸುಪಾಸು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಬೆಳಗಾವಿಯ ಶಿವಬಸವ ನಗರದಲ್ಲಿ ಬಾಡಿಗೆ ಮನೆ, ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಮಳೆಗಾಲ ಶುರುವಾದ ಮೇಲೆ ಅವರಿಗೆ ಊಟ ಸೇರದಾಯಿತು, ಕಣ್ಣು ಅರಿಸಿನ ಬಳಿದಂತಾದವು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು ಅವ್ವನ ಕಡೆ ತಿರುಗಿ, "ಎಲ್ಲಿ ನೀರು ಕುಡದಾರ ಇವರು?" ಎಂದು ಕೇಳಿದರು. ಅವರು ಕೇಳಿ ಮರೆತಿರಬೇಕು. ಅವ್ವ ಮರೆಯಲಿಲ್ಲ.

ಮೊದಲ ಗುಮಾನಿ ಓಣಿಯ ನಳದ ಮೇಲೆ. ನೀರಿನ ಪೈಪು ಗಟಾರದೊಳಗೇ ಹಾದು ನಮ್ಮ ಮನೆಗೆ ಬಂದಿತ್ತು. ನೀರು ಬರುವ ದಿನವೂ ಖಾತ್ರಿಯಿರಲಿಲ್ಲ. ಬಂದರೆ ಮೊದಲ ಎರಡು ಬಕೆಟ್ ಕೆಂಪು. ಯಾರೋ ನಳಕ್ಕೆ ನೇರ ಮೋಟಾರು ಹಚ್ಚಿ ಎಳೆಯುತ್ತಾರೆ, ಆ ಎಳೆತಕ್ಕೇ ಗಟಾರದ ಹೊಲಸು ಪೈಪಿನೊಳಗೆ ನುಗ್ಗುತ್ತದೆ ಎಂಬುದು ಅವ್ವನ ಲೆಕ್ಕ. ನೀರು ಬಿಟ್ಟ ಹೊತ್ತಿಗೆ ಅವಳು ಕಂಪೌಂಡಿನ ಗೋಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

"ಕೇಳ, ಬಾಜು ಮನ್ಯಾಗ ಗುರ್ ಅನ್ನಾಕತ್ತೈತಿ."

"ಅವ್ವಾ, ಅದು ಮಿಕ್ಸರ್."

"ದಿನಾ ನಳ ಬಂದಾಗ ಅಷ್ಟ ಚಟ್ನಿ ರುಬ್ಬತಾರೇನು?"

ಬಾಜು ಮನೆಯವರಿಗೂ ಇದು ಗೊತ್ತಾಗಿ, ಅವರು ನಮ್ಮನ್ನು ಮಾತಾಡಿಸುವುದನ್ನು ಕಡಿಮೆ ಮಾಡಿದರು.

ಆಮೇಲೆ ಕುದಿಸುವುದು ಶುರುವಾಯಿತು. ಕುಡಿಯಲು, ಬಾಯಿ ಮುಕ್ಕಳಿಸಲು, ಕಡೆಗೆ ಹಣ್ಣು ತೊಳೆಯಲು ಕೂಡ ಕುದಿಸಿದ ನೀರೇ. ಗ್ಯಾಸ್ ಸಿಲಿಂಡರು ಮೊದಲಿಗಿಂತ ಬೇಗ ಮುಗಿಯತೊಡಗಿತು. ಅದಕ್ಕೆ ಹೆದರಿ ಅವ್ವ ಒಮ್ಮೆ ಕ್ಯಾನ್ ನೀರು ತರಿಸಿ ನೋಡಿದಳು. ಟೆಂಪೋದಲ್ಲಿ ನೀರು ತಂದು ಮಾರುವುದು ನಮ್ಮ ಕಡೆ ಆಗಷ್ಟೇ ಬಂದಿತ್ತು. ಇನ್ನು ನೀರಿಗೂ ಹಾಲಿನಂತೆ ದಿನದ ರತೀಬು ಹಚ್ಚಬೇಕೇ ಎಂದು ಅಪ್ಪ ಹಾಸಿಗೆಯಲ್ಲೇ ಗೊಣಗಿದರು. ಅವ್ವ ಕ್ಯಾನನ್ನು ಬೆಳಕಿಗೆ ಹಿಡಿದಳು. ತಳದ ಮೂಲೆಯಲ್ಲಿ ಹಸಿರು ಗೆರೆಯೊಂದಿತ್ತು.

"ಎಲ್ಲಿ ತುಂಬಿಸ್ಕೊಂಡ ಬರ್ತೀಯಪಾ ಇದನ್ನ?"

"ಹಿಂಡಲಗಾ ಕಡೆ ಪ್ಲ್ಯಾಂಟ್ ಐತ್ರಿ, ಅಕ್ಕಾರ."

"ನೀ ನೋಡೀಯೇನು ಪ್ಲ್ಯಾಂಟ?"

"ನಾ ಬರೇ ಗಾಡಿ ಹೊಡಿಯಾಂವ್ರಿ. ತುಂಬಿಸಿ ಇಟ್ಟಿರ್ತಾರ, ತರ್ತೀನಿ."

ಮರುದಿನದಿಂದ ಕ್ಯಾನ್ ಬಂದ್. ಮತ್ತೆ ಗ್ಯಾಸಿನ ಮೇಲೆ ಪಾತೇಲಿ.

ಅಪ್ಪ ಹಾಸಿಗೆ ಹಿಡಿದ ಅಷ್ಟೂ ದಿನ ತಪ್ಪದೆ ಬಂದವರು ಖಾನಾಪುರದ ಕಾಕಾ. ಅವರು ಅಪ್ಪನ ಕಚೇರಿಯವರು, ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬೆಳಗಾವಿಗೆ ಬಂದು ಹೋಗುವವರು. ಅವರ ಮನೆತನದವರು ಹಿಂದಿನಿಂದ ಕುರಿ ಸಾಕಿದವರು. ಈಗ ಕುರಿ ಕಡಿಮೆಯಾಗಿ ಹೊಲ ಉಳಿದಿತ್ತು, ಸಂಬಳ ತರುವವರು ಕಾಕಾ ಒಬ್ಬರೇ. ಅಪ್ಪ ಮತ್ತು ಅವರು ಎಷ್ಟೋ ವರ್ಷದಿಂದ ಒಂದೇ ಡಬ್ಬಿಯಲ್ಲಿ ಕೈ ಹಾಕಿ ಉಣ್ಣುವವರು. ಕಾಮಾಲೆಗೆ ಕಬ್ಬು ತಿನ್ನಬೇಕೆಂದು ಕಾಕಾ ಊರಿಂದ ಕಬ್ಬು ಕಡಿದು ತರುತ್ತಿದ್ದರು. ಅವ್ವ ಅದನ್ನೂ ಕುದಿಸಿದ ನೀರಲ್ಲಿ ತೊಳೆದು ಕೊಡುತ್ತಿದ್ದಳು.

ಅಪ್ಪ ಏಳುವಂತಾದ ಮೇಲೆ ಕಾಕಾನ ತಾಯಿ ನಮ್ಮೆಲ್ಲರನ್ನೂ ಊಟಕ್ಕೆ ಕರೆಸಿದರು. ಅವರನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಅಪ್ಪನಿಗೆ ಗುಣವಾಗಲೆಂದು ಅವರು ದೇವರಿಗೆ ಹರಕೆ ಹೊತ್ತಿದ್ದರಂತೆ.

ಖಾನಾಪುರ ಬಸ್ಸಿನಲ್ಲಿ ಅವ್ವನ ತೊಡೆಯ ಮೇಲೆ ಚೀಲವೊಂದಿತ್ತು. ಅದರಲ್ಲಿ ಸೀರೆಯೋ ಹಣ್ಣೋ ಇರಬೇಕೆಂದು ನಾನು ತಿಳಿದಿದ್ದೆ. ಕಾಕಾನ ಮನೆ ಊರಿನ ಅಂಚಿಗೆ, ಹಂಚಿನ ಮನೆ, ಅಂಗಳದಲ್ಲೇ ಭಾವಿ. ಆಯಿ ಕಟ್ಟೆಯ ಮೇಲೆ ಕಂಬಳಿ ಹಾಸಿ, "ಬರ್ರಿ, ಕುಂದರ್ರಿ. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ" ಎನ್ನುತ್ತ ಬೆಲ್ಲದ ತಾಟು, ಹಿತ್ತಾಳೆ ತಂಬಿಗೆ ತಂದಿಟ್ಟರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಕೈಯಾಡಿಸಿ ತಾಟಿನ ಜಾಗ ನೋಡಿಕೊಳ್ಳುತ್ತಿದ್ದರು.

"ಬ್ಯಾಡ್ರಿ ಆಯಿ, ನಾವು ತಂದೀವ್ರಿ" ಎಂದು ಅವ್ವ ಚೀಲದಿಂದ ಬಾಟಲಿ ತೆಗೆದಳು.

"ಏನ ತಂದೀರಿ?"

"ನೀರು."

ಬಾಗಿಲಲ್ಲಿ ನಿಂತಿದ್ದ ಕಾಕಾ ಒಳಗೆ ಹೋದರು. ಆಯಿ ಅವ್ವನ ದನಿ ಬಂದ ಕಡೆಗೇ ಮುಖ ಮಾಡಿ ಕೂತರು. "ನಮ್ಮ ಮನೀಗಿ ಬರಾಕ ನೀರ ಕಟಗೊಂಡ ಬಂದೀರಿ?"

"ಡಾಕ್ಟರು ಹೇಳ್ಯಾರ್ರಿ, ಕುದಿಸಿದ್ದ ನೀರ ಬೇಕಂತ."

"ಬ್ಯಾನಿ ಆದದ್ದು ಅವರಿಗಿ. ನಿಮಗ ಏನಾಗೇತಿ?"

ಅವ್ವ ಬಾಟಲಿಯ ಮುಚ್ಚಳ ತಿರುವಿದಳು. ಅಪ್ಪ ತಂಬಿಗೆ ಎತ್ತಿದವರೇ ಗಟಗಟ ಕುಡಿದರು. ಅವ್ವನ ನೋಟ ಅವರ ಗಂಟಲ ಮೇಲೇ ಇತ್ತು. ನಾನೂ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಕೈ ಚಾಚಿದೆ. ಅವ್ವ ಮಗ್ಗುಲಿಂದ ಚಿವುಟಿದಳು, ಆದರೂ ಎರಡು ಗುಟುಕು ಕುಡಿದೆ. ತಣ್ಣಗಿತ್ತು, ಸ್ವಲ್ಪ ಮಣ್ಣಿನ ರುಚಿ.

ಊಟದಲ್ಲಿ ಅವ್ವ ಬಿಸಿ ರೊಟ್ಟಿ, ಪಲ್ಯ ಚೆನ್ನಾಗಿಯೇ ಉಂಡಳು. ಮಜ್ಜಿಗೆ ಬಂದಾಗ ಮಾತ್ರ ಲೋಟಕ್ಕೆ ಅಂಗೈ ಅಡ್ಡ ಇಟ್ಟಳು. "ಮಜ್ಜಿಗಿನೂ ಬ್ಯಾಡೇನು?" ಎಂದು ಆಯಿ ಕೇಳಿದರು, ಆಮೇಲೆ ಒತ್ತಾಯ ಮಾಡಲಿಲ್ಲ.

ಬಸ್ಸು ಹತ್ತಿದ ಮೇಲೆ ಅಪ್ಪ ಬಾಯಿ ಬಿಟ್ಟರು. "ಆಯಿ ಏನ ತಿಳಕೊಂಡ್ಲು, ಗೊತ್ತೈತೇನು ನಿನಗ?"

"ಏನ ತಿಳಕೊಂಡ್ರು?"

"ಅವರು ಕುರಿ ಕಾದ ಮಂದಿ, ನಾವು ಲಿಂಗ ಕಟ್ಟಿದವ್ರು. ಅದಕ್ಕ ನೀರ ಮುಟ್ಟಲಿಲ್ಲ ಅಂತ ತಿಳಕೊಂಡ್ಲು."

ಅವ್ವ ಉರಿದೆದ್ದಳು. "ನನ್ನ ಬಾಯಾಗ ಜಾತಿ ಮಾತು ಯಾವತ್ತರ ಬಂದೈತೇನ್ರಿ? ರೊಟ್ಟಿ ಉಂಡಿಲ್ಲೇನು ನಾ?"

ಮಾತು ಬಂದಿರಲಿಲ್ಲ, ಅದು ಖರೆ. ಜಾತಿ ಎಣಿಸಬಾರದೆಂದು ಹೇಳುವ ವಚನಗಳನ್ನು ನಾನು ಅವಳ ಬಾಯಿಂದಲೇ ಕಲಿತದ್ದು. ಆದರೆ ಅಂದು ಬಸ್ಸಿನಲ್ಲಿ, ಅವಳು ಖಾಲಿ ಬಾಟಲಿಯನ್ನು ಚೀಲಕ್ಕೆ ಹಾಕುವುದನ್ನು ನೋಡುತ್ತ, ನನ್ನೊಳಗೂ ಗುಮಾನಿ ಹುಟ್ಟಿತು. ಅವಳು ಹೆದರಿದ್ದು ಭಾವಿಗೋ, ಭಾವಿ ಇದ್ದ ಮನೆಗೋ? ರೊಟ್ಟಿ ಬೆಂಕಿಯ ಮೇಲೆ ಬೆಂದದ್ದು, ಬೆಂಕಿ ತಾಗಿದ್ದಕ್ಕೆ ರೋಗವೂ ಇಲ್ಲ, ಮೈಲಿಗೆಯೂ ಇಲ್ಲ ಎನ್ನುವವರಿದ್ದರು. ಉಂಡಳೆಂಬುದರಿಂದ ಏನೂ ತೀರ್ಮಾನವಾಗುವಂತಿರಲಿಲ್ಲ.

ಮುಂದೆ ಎಷ್ಟೋ ದಿನ ಬೆಳಿಗ್ಗೆ ಎದ್ದ ಕೂಡಲೆ ಅವ್ವ ಅಪ್ಪನನ್ನೂ ನನ್ನನ್ನೂ ಬಾಗಿಲ ಬೆಳಕಿಗೆ ನಿಲ್ಲಿಸಿ, ಕಣ್ಣಿನ ಕೆಳ ರೆಪ್ಪೆ ಎಳೆದು ನೋಡುತ್ತಿದ್ದಳು. ಇಬ್ಬರಿಗೂ ಏನೂ ಆಗಲಿಲ್ಲ. ನಾನು ಮಾತ್ರ ಅವಳನ್ನು ಗಮನಿಸುವುದನ್ನು ಬಿಡಲಿಲ್ಲ. ಯಾರ ಮನೆಗೆ ಹೊರಟರೂ ಜೊತೆಗೆ ಹೊರಡುತ್ತಿದ್ದೆ. ಬಹಳ ಕಡೆ ಅವಳು ಬಾಟಲಿ ತೆಗೆಯುತ್ತಿದ್ದಳು, ನಮ್ಮವರ ಮನೆಗಳಲ್ಲೂ ತೆಗೆದಳು. ಇನ್ನೇನು ನನ್ನ ಮನಸ್ಸು ಹಗುರಾಗಬೇಕು, ಅಷ್ಟರಲ್ಲಿ ವಡಗಾವಿಗೆ ಹೋದೆವು.

ವಡಗಾವಿಯಲ್ಲಿ ಚಿಗವ್ವ ಇದ್ದಳು, ಅವ್ವನ ಬೆನ್ನಿಗೆ ಹುಟ್ಟಿದವಳು. ಮನೆಯ ಮುಂದಿನ ಅರ್ಧ ಭಾಗ ಮಗ್ಗ. ಸಂದಿಯಲ್ಲಿ ನಡೆದು ಬಂದ ಅವ್ವ ಉಸ್ಸೆಂದು ಕೂತಳು. ಚಿಗವ್ವ ಲೋಟ ಕೈಗಿಟ್ಟಳು. ಅವ್ವ ಎತ್ತಿ ಕುಡಿದಳು, ಪೂರ್ತಿ. ಮತ್ತೊಂದು ಲೋಟವನ್ನೂ ಇಸಿದುಕೊಂಡಳು.

ಮಗ್ಗದ ಸದ್ದಿನ ಮೇಲೆ ನಾನು ಗಟ್ಟಿಯಾಗಿ ಕೇಳಿದೆ, "ಚಿಗವ್ವಾ, ಇದು ಕುದಿಸಿದ ನೀರೇನು?"

"ಕುದಿಸೂದಾ? ಯಾರಿಗೈತಿ ಅಷ್ಟ ಪುರಸೊತ್ತು! ನಳ ಬಂದಾಗ ಹಿಡದಿಟ್ಟದ್ದ ಅದು."

ಅವ್ವ ಲೋಟವನ್ನು ನೆಲಕ್ಕಿಟ್ಟಳು. "ಸೋಸೀಯಲ್ಲ?"

"ಕಣ್ಣಿಗಿ ಛಲೋ ಕಂಡ್ರ ಯಾಕ ಸೋಸಲಿ?"

ವಾಪಸು ಬರುವಾಗ ಸಂದಿ ದಾಟಿದ ಮೇಲೆ ಅವ್ವ ತಾನೇ, "ಬಾಯಿ ಆರಿತ್ತು. ಲಕ್ಷ್ಯ ಬರಲಿಲ್ಲ" ಎಂದಳು. ಮರುದಿನ ಕನ್ನಡಿ ಮುಂದೆ ನಿಂತು ತನ್ನ ರೆಪ್ಪೆಯನ್ನೇ ಎಳೆದು ನೋಡಿಕೊಳ್ಳುತ್ತಿದ್ದಳು. ಅದನ್ನು ಕಂಡು ನನಗೆ ಕನಿಕರವಾಯಿತು. ಗುಮಾನಿ ಮಾತ್ರ ಹೋಗಲಿಲ್ಲ. ಖಾನಾಪುರದಲ್ಲಿ ಬಂದ ಲಕ್ಷ್ಯ ತಂಗಿಯ ಮನೆಯಲ್ಲಿ ಯಾಕೆ ಬರಲಿಲ್ಲ?

ಚಳಿಗಾಲದಲ್ಲಿ ಆಯಿಗೆ ಕಣ್ಣಿನ ಆಪರೇಶನ್ ಬೆಳಗಾವಿಯಲ್ಲೇ ಎಂದು ಗೊತ್ತಾಯಿತು. ಆಸ್ಪತ್ರೆಗೆ ಓಡಾಡಲು ನಮ್ಮ ಮನೆ ಹತ್ತಿರ. ಕಾಕಾ ತಾವಾಗಿ ಕೇಳಲಿಲ್ಲ, ಅಪ್ಪನೇ ಹಟ ಹಿಡಿದು ಕರೆಸಿದರು. ಅವ್ವ ನಡುಮನೆಯಲ್ಲಿ ಮಂಚ ಹಾಕಿ, ಹೊಸ ಚಾದರ ಹಾಸಿದಳು. ಆಟೋದಿಂದ ಇಳಿದ ಆಯಿಯ ಒಂದು ಕೈ ಕಾಕಾನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಕ್ಯಾನು.

"ಕೊಡ್ರಿ ಇಲ್ಲೆ, ಏನೈತಿ ಇದ್ರಾಗ?" ಎಂದು ಅವ್ವ ಕೈ ಚಾಚಿದಳು.

"ನೀರು. ನಮ್ಮ ಭಾವೀದು" ಎಂದರು ಆಯಿ. ಕ್ಯಾನು ಬಿಡಲಿಲ್ಲ. "ನಿಮ್ಮ ಬೆಳಗಾವ್ಯಾಗ ನೀರ ಛಲೋ ಇಲ್ಲಂತಲ್ಲವಾ. ನಿನ್ನ ಗಂಡಗ ಇಲ್ಲೇ ಅಲ್ಲೇನು ಕಾಮಣಿ ಆಗಿದ್ದು?"

ಅಪ್ಪ ನಗು ತಡೆಯಲು ಕೆಮ್ಮಿದರು. ಅವ್ವನ ಮುಖ ಕೆಂಪಾಯಿತು. ನಮ್ಮ ಮನೆಯ ನೀರನ್ನು ಯಾರಾದರೂ ಬೇಡ ಎಂದದ್ದು ಅವಳ ಜೀವನದಲ್ಲಿ ಅದೇ ಮೊದಲಿರಬೇಕು.

ಕ್ಯಾನು ಮಂಚದ ಕೆಳಗೆ ಹೋಯಿತು. ಬಾಯಿಗೆ ಅರಿವೆಯ ಚೂರು ಸುತ್ತಿ ಆಯಿ ಗಂಟು ಹಾಕಿದರು. ಯಾರಾದರೂ ಬಿಚ್ಚಿದರೆ ಬೆರಳಿಗೆ ಗೊತ್ತಾಗಲಿ ಎಂದಿರಬೇಕು. ಚಹಾ ಮಾತ್ರ ಕುಡಿದರು. "ಚಾ ಕುದ್ದಿರ್ತೈತಿ" ಎಂದು ಕಾರಣವನ್ನೂ ಹೇಳಿದರು. ಅವ್ವನ ಮಾತೇ ಅದು.

ಮರುದಿನ ಮಧ್ಯಾಹ್ನ ಅವ್ವ ಮಂಚದ ಹತ್ತಿರ ಜೋಳ ಹಸನು ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಆಯಿ ಇದ್ದಕ್ಕಿದ್ದಂತೆ ಕೇಳಿದರು.

"ಖರೇ ಹೇಳವಾ. ಅವತ್ತ ನಮ್ಮ ಮನ್ಯಾಗ ನೀರ ಮುಟ್ಟಲಿಲ್ಲಲ್ಲಾ, ಜಡ್ಡಿನ ಸಂಬಂಧನೋ, ನಮ್ಮ ಸಂಬಂಧನೋ?"

"ಜಡ್ಡಿನ ಸಂಬಂಧರಿ, ಆಯಿ."

"ಭಾಳ ಲಗೂ ಹೇಳಿದಿ. ನಾ ನಂಬಂಗಿಲ್ಲ."

ಅವ್ವನ ಕೈ ಮೊರದಲ್ಲಿ ನಿಂತಿತು. ನಾನು ಪುಟ ತಿರುಗಿಸುವುದನ್ನು ಬಿಟ್ಟೆ. ಅವ್ವ ತಗ್ಗಿದ ದನಿಯಲ್ಲಿ, "ನಾನೂ ಭಾಳ ಇಚಾರ ಮಾಡೀನ್ರಿ. ಇವರು ಅಂದಾಗ ಸಿಟ್ಟ ಬಂತು. ಆಮ್ಯಾಲೆ ನನ್ನ ತಂಗಿ ಮನ್ಯಾಗ ಕೇಳಲಾರದ ಕುಡದೆ. ನನಗ ನನ್ನ ಮನಸ ತಿಳಿವಲ್ದು" ಎಂದಳು.

ಆಯಿ ಸಿಟ್ಟಾಗುತ್ತಾರೆಂದು ನಾನು ಕಾದೆ. ಅವರು ಗೋಡೆಗೆ ಒರಗಿ, "ಹಾಂ. ಇದನ್ನ ನಂಬತೀನಿ" ಎಂದರು. ಆಮೇಲೆ ಮೊರದಿಂದ ಒಂದು ಹಿಡಿ ಜೋಳ ತೆಗೆದುಕೊಂಡು, ಬೆರಳಲ್ಲೇ ಕಲ್ಲು ಹುಡುಕತೊಡಗಿದರು.

ಆಪರೇಶನ್‌ನ ಹಿಂದಿನ ದಿನ ಕ್ಯಾನು ಖಾಲಿಯಾಯಿತು. ಅಂದು ಕಚೇರಿಗೆ ರಜೆ, ಕಾಕಾ ಬರುವುದು ಮರುದಿನ. ಆಯಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಗ್ಯಾಸಿನ ಮುಂದೆ ನಿಂತು, ಪಾತೇಲಿಯ ಮೇಲೆ ಅಂಗೈ ಹಿಡಿದು ಉಗಿ ನೋಡಿದರು. ಗುಳುಗುಳು ಸದ್ದಿಗೆ ಕಿವಿಗೊಟ್ಟರು. "ಆರಿಸಬ್ಯಾಡ, ಇನ್ನಷ್ಟ ಕುದೀಲಿ" ಎಂದರು. ಸಿಲಿಂಡರು ಇಂದೋ ನಾಳೆಯೋ ಎನ್ನುವ ಸ್ಥಿತಿಯಲ್ಲಿತ್ತು. ಆದರೂ ಅವ್ವ ಆರಿಸಲಿಲ್ಲ. ನೀರು ತಣ್ಣಗಾದ ಮೇಲೆ ಆಯಿ ಅದನ್ನೇ ಕುಡಿದರು, ರುಚಿಯಿಲ್ಲ ಎಂದರು.

ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚಿ ಮನೆಗೆ ಕರೆತಂದ ದಿನ ಆಯಿ ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿ ಖುಷಿಪಟ್ಟರು. ಗುಳಿಗೆ ನುಂಗಲು ಅವ್ವ ಗಾಜಿನ ಲೋಟದಲ್ಲಿ ನೀರು ಕೊಟ್ಟಳು. ಆಯಿ ಅದನ್ನು ಕಿಟಕಿಯ ಕಡೆ ಎತ್ತಿದವರೇ, "ಏ ಇಲ್ಲಿ ಬಾರವಾ! ಇದ್ರಾಗ ಬಿಳೇದು ಏನೋ ಓಡ್ಯಾಡಾಕತ್ತೈತಿ!" ಎಂದು ಕೂಗಿದರು.

ಅವ್ವ ಓಡಿಬಂದು ಲೋಟ ಇಸಿದುಕೊಂಡಳು. ಪಾತೇಲಿಯ ತಳದಲ್ಲಿ ಸುಣ್ಣದಂತೆ ಹೆಪ್ಪುಗಟ್ಟುವ ಬಿಳಿ ಪದರದ ಚೂರುಗಳು ಅವು. ಆ ವಾರ ನಳ ಬಾರದೆ ಅಪ್ಪ ಟ್ಯಾಂಕರ್ ನೀರು ಹಾಕಿಸಿದ್ದರು, ಅದು ಯಾವ ಬೋರಿನದೋ. ಇಷ್ಟು ದಿನ ಕುದಿಸಿದ್ದೇ ಶುದ್ಧ ಎಂದು ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದ ಅವ್ವ ಗಾಬರಿಯಾದಳು. ಇಬ್ಬರೂ ಕಿಟಕಿಯ ಹತ್ತಿರ ತಲೆಗೆ ತಲೆ ಹಚ್ಚಿ ನಿಂತು, ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವತ್ತಿನಿಂದ ಕುದಿಸಿ ಆರಿಸಿದ್ದನ್ನು ನಾಲ್ಕು ಮಡಿಕೆಯ ಅರಿವೆಯಲ್ಲಿ ಸೋಸುವ ಕೆಲಸ ನನ್ನ ಪಾಲಿಗೆ ಬಂತು.

ಆಯಿ ಊರಿಗೆ ಹೋದ ಮೇಲೆ ಒಂದು ದಿನ ಕಾಕಾ ಬಂದು ಅಪ್ಪನ ಮುಂದೆ ದೂರು ಹೇಳಿದರು. "ನಮ್ಮವ್ವಗ ಈಗ ನಮ್ಮ ಭಾವ್ಯಾಗೂ ಹುಳಾ ಕಾಣಾಕತ್ತಾವ್ರಿ. ಮುಂಜಾನೆದ್ದ ಕೂಡಲೆ ಹಂಡೆ ತುಂಬ ನೀರ ಕುದಸ್ತಾಳ. ಕಟಗಿ ಒಟ್ಟಿ ಒಟ್ಟಿ ಸಾಕಾಗೇತಿ." ಆ ಬೇಸಿಗೆಯಲ್ಲಿ ಅವರ ಭಾವಿಯ ನೀರೂ ತಳ ಹಿಡಿದಿತ್ತು. ಸೇದಿದರೆ ರಾಡಿ ಬರುತ್ತಿತ್ತಂತೆ. ಊರ ಮಂದಿಗೆ ಕೊಡುವುದನ್ನು ಆಯಿ ನಿಲ್ಲಿಸಿದ್ದರು. ಕೊಡಲಾರದ್ದಕ್ಕೆ ಯಾರು ಯಾರು ಏನೇನು ತಿಳಿದುಕೊಂಡರೋ.

ಕಾಕಾನ ಮಗಳ ಮದುವೆ ನಿಶ್ಚಯಕ್ಕೆ ನಾವು ಮತ್ತೆ ಖಾನಾಪುರಕ್ಕೆ ಹೋದೆವು. ಅದೇ ಕಟ್ಟೆ. ಆಯಿ ಈ ಸಲ ಕೈಯಾಡಿಸದೆ ನೇರ ಬಂದು ತಂಬಿಗೆಯನ್ನು ಅವ್ವನ ಮುಂದಿಟ್ಟರು. "ಕುದಿಸೀನಿ. ನಾನ ಒಲಿ ಮುಂದ ಕುಂತಿದ್ನಿ" ಎಂದರು. ಅವ್ವ ಎರಡೂ ಕೈಯಿಂದ ಎತ್ತಿ ಕುಡಿದಳು. ಅಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು. ಊಟವಾಯಿತು, ಮಜ್ಜಿಗೆಯೂ ಆಯಿತು. ಆಯಿ ಮತ್ತು ಅವ್ವ ಮಧ್ಯಾಹ್ನವೆಲ್ಲ ಟ್ಯಾಂಕರಿನವರನ್ನು ಬೈಯುತ್ತ ಕೂತಿದ್ದರು.

ವಾಪಸು ಬಸ್ಸಿನಲ್ಲಿ ನಾನು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. "ಅವ್ವಾ, ಕುದಿಸಿರಲಿಲ್ಲಂದ್ರ ಕುಡೀತಿದ್ದೇನು?" ಎಂದು ಕೇಳಿದೆ.

ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಕುದಿಸಿದ್ರಲ್ಲ" ಎಂದಳು.